ಬಣ್ಣಕ್ಕೆ ಮೊದಲು ಬಾಗಿಲು ತೊಳೆಯಿರಿ

ಮದ್ರಾಸಿಗೆ ಬಂದ ನಮ್ಮ ಹಿರಿಯರು ಊರು ಬಿಟ್ಟರೂ ಊರಿನ ವಾಡಿಕೆ ಬಿಡಲಿಲ್ಲ. ಬಾಗಿಲು ಕಿಟಕಿಗಳಿಗೆ ಬಣ್ಣ ಹೊಡೆಸುವುದೆಂದರೆ ದೀಪಾವಳಿಯ ಹೊತ್ತಿಗೇ ಆಗಬೇಕು. ಉಡುಪಿ, ಕುಂದಾಪುರದ ಕಡೆ ಅಷ್ಟರಲ್ಲಿ ದೊಡ್ಡ ಮಳೆ ಮುಗಿದಿರುತ್ತದೆ, ಸರಿ. ಚೆನ್ನೈಯಲ್ಲಿ ಮಳೆ ಶುರುವಾಗುವುದೇ ಆಗ! ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ನೀರು ಕುಡಿದ ಮರ ಪೊಂಗಲ್ ಹೊತ್ತಿಗೂ ಪೂರ್ತಿ ಒಣಗಿರುವುದಿಲ್ಲ. ಅದರ ಮೇಲೆ ಬಳಿದ ಬಣ್ಣ ಬೇಸಿಗೆಯ ಬಿಸಿಲಿಗೆ ಹಪ್ಪಳದಂತೆ ಉಬ್ಬುತ್ತದೆ. ಆಗ ಎಲ್ಲರೂ ಬೈಯುವುದು ಬಣ್ಣದ ಕಂಪನಿಯನ್ನು.

ಈಗ ಆ ಹಳೆಯ ಮನೆಗಳ ಉಸ್ತುವಾರಿ ನಿಮ್ಮ ಕೈಗೆ ಬರುತ್ತಿದೆ. ಆದ್ದರಿಂದ ಹೇಳುತ್ತೇನೆ, ಫೆಬ್ರವರಿ ಮಾರ್ಚ್‌ವರೆಗೆ ಕಾಯಿರಿ. ಅಮ್ಮ ಒಪ್ಪದಿದ್ದರೆ ಯುಗಾದಿಗೆ ಹೊಸ ಬಣ್ಣ ಎಂದು ಹೇಳಿ ಒಪ್ಪಿಸಿ.

ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಚೌಕಟ್ಟಿನ ಬುಡವನ್ನು ಒತ್ತಿ ನೋಡಿ. ತುದಿ ಒಳಗಿಳಿದರೆ ಗೆದ್ದಲೋ ಕೊಳೆತವೋ ಇದೆಯೆಂದು ಅರ್ಥ. ಪೈಂಟರಿಗಿಂತ ಮೊದಲು ಬಡಗಿಯನ್ನು ಕರೆಯಿರಿ.

ಮರ ಗಟ್ಟಿಯಿದ್ದರೆ ತೊಳೆಯುವ ಕೆಲಸ. ನಮ್ಮ ಬಾಗಿಲುಗಳ ಮೇಲೆ ಏನೇನಿರುತ್ತದೆ ಯೋಚಿಸಿ: ಹೊಸ್ತಿಲಿನ ಅರಿಶಿನ ಕುಂಕುಮ, ದೀಪದ ಎಣ್ಣೆ ಜಿಡ್ಡು, ಸಾಂಥೋಮ್, ಬೆಸೆಂಟ್ ನಗರದಂಥ ಕಡೆಯಾದರೆ ಸಮುದ್ರದ ಗಾಳಿ ತಂದ ಉಪ್ಪು. ಜಿಡ್ಡಿನ ಮೇಲೂ ಉಪ್ಪಿನ ಮೇಲೂ ಬಣ್ಣ ನಿಲ್ಲದು. ಸಾಬೂನು ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಅದರಲ್ಲಿ ತೊಳೆದು ಪ್ರಯೋಜನವಿಲ್ಲ. ಒಂದು ಬಕೆಟ್ ಮೆಟ್ರೋ ನೀರು ಎತ್ತಿಡಿ. ಕಪ್ಪು ಚುಕ್ಕೆಗಳಿದ್ದರೆ ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಒಂದೆರಡು ಹನಿ ಹಾಕಿ. ಚುಕ್ಕೆ ಮಾಯವಾದರೆ ಅದು ಬೂಷ್ಟು, ಹೋಗದಿದ್ದರೆ ಬರೀ ಕೊಳೆ. ಬ್ಲೀಚಿಂಗ್ ಪುಡಿಯ ಜೊತೆ ಬೇರಾವ ಕ್ಲೀನರನ್ನೂ ಬೆರೆಸಬೇಡಿ. ತೊಳೆದ ಮೇಲೆ ಎರಡು ಮೂರು ದಿನ ಚೆನ್ನಾಗಿ ಒಣಗಲಿ.

ಇನ್ನು ಉಜ್ಜುವುದು. ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಅಜ್ಜನ ಕಾಲದ ಬಾಗಿಲಾದರೆ ಪದರ ಪದರವಾಗಿ ಕೂತಿರುವ ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಬಣ್ಣವನ್ನು ನಂಬುವಂತಿಲ್ಲ. ಕಿಟಕಿಯ ಕಬ್ಬಿಣದ ಸರಳುಗಳಿಗೆ ಹಿಂದೆ ಬಳಿಯುತ್ತಿದ್ದ ಕೆಂಪು ಪ್ರೈಮರ್ ಎಷ್ಟೋ ಕಡೆ ಸೀಸದ್ದೇ. ಇದರ ಧೂಳು ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗುವಿನ ಕೈಗಂಟಿ ಬಾಯಿಗೆ ಹೋಗುತ್ತದೆ, ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಸೀಸದ ವಿಷದ ಬಗ್ಗೆ ಎಚ್ಚರಿಸುತ್ತ ವರ್ಷಗಟ್ಟಲೆ ದುಡಿದವರು.

ಹಾಗಾಗಿ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿಸಬೇಡಿ, ಬೆಂಕಿಯಲ್ಲಿ ಸುಡಿಸಲೇಬೇಡಿ. ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಪೂರ್ತಿ ಕೀಳಬೇಕಾಗಿಯೂ ಇಲ್ಲ. ವಾಟರ್‌ಪ್ರೂಫ್ ಕಾಗದವನ್ನು ನೀರಲ್ಲಿ ಅದ್ದಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಉಜ್ಜುವ ಕಾಗದಕ್ಕೆ ಇಲ್ಲಿಯವರು ‘ಉಪ್ಪುತಾಳ್’ ಎನ್ನುತ್ತಾರೆ, ಅಂಗಡಿಯಲ್ಲಿ ಹಾಗೇ ಕೇಳಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿ, ಪೈಂಟರಿಗೂ ಕೊಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನ ನೆಂಟರ ಮನೆಗೆ ಕಳಿಸಿ. ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಣ್ಣವೇ ಇಲ್ಲದೆ ಬಿಸಿಲಿಗೆ ಬೂದಿಯಾದ ಮರದ ಕಥೆ ಬೇರೆ. ಮೇಲಿನ ನಾರು ಸಡಿಲಗೊಂಡಿರುತ್ತದೆ, ಅದಕ್ಕೆ ಹಿಡಿದ ಬಣ್ಣ ನಾರಿನ ಸಮೇತ ಎದ್ದು ಬರುತ್ತದೆ. 80ನೇ ನಂಬರಿನಿಂದ ಶುರುಮಾಡಿ 120ಕ್ಕೆ ಬನ್ನಿ, ಒಳಗಿನ ಹೊಸ ಮರದ ಬಣ್ಣ ಕಾಣುವವರೆಗೆ. ತೇಗವಾದರೆ ಅದರಲ್ಲೇ ಎಣ್ಣೆಯಂಶ ಇರುವುದರಿಂದ ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲೊಮ್ಮೆ ಒರೆಸಿ. ಗೋಡೆಗೆ ಹಚ್ಚುವ ಪುಟ್ಟಿಯನ್ನು ಮರದ ಬಿರುಕಿಗೆ ತುಂಬಬೇಡಿ, ಮೊದಲ ಮಳೆಗೇ ಉದುರುತ್ತದೆ. ಮರದ್ದೇ ಪುಟ್ಟಿ ತರಿಸಿ.

ಉಜ್ಜಿದ ಮರವನ್ನು ಹಾಗೇ ವಾರಗಟ್ಟಲೆ ಬಿಡದೆ ಬೇಗ ಪ್ರೈಮರ್ ಹಚ್ಚಿಸಿ. ಬಾಗಿಲಿನ ಕೆಳಗಿನ ಅಂಚಿಗೆ ಯಾರೂ ಬಗ್ಗಿ ನೋಡುವುದಿಲ್ಲ, ಮಳೆನೀರು ಏರುವುದು ಅಲ್ಲಿಂದಲೇ. ಬಾಗಿಲು ಕಳಚಿದಾಗಲೇ ಅಲ್ಲಿಗೂ ಎರಡು ಕೈ ಪ್ರೈಮರ್ ಬೀಳಲಿ.