ಅಘನಾಶಿನಿ ಅಳಿವೆಯ ಸುತ್ತ ಒಂದು ದಿನದ ಸೈಕಲ್ ಪ್ರವಾಸ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ ಪ್ರದೇಶವನ್ನು ಸೈಕಲ್ ಮೂಲಕ ಒಂದು ದಿನದಲ್ಲಿ ಸಾವಕಾಶವಾಗಿ ಸುತ್ತಿ ನೋಡಬಹುದಾಗಿದೆ. ಈ ಅಳಿವೆಯು 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ಪಡೆಯಾಗಿದೆ. ವಸಂತದ ಆರಂಭವು ಪ್ರವಾಸಕ್ಕೆ ಸೂಕ್ತ ಕಾಲ. ಆದರೆ ಕರಾವಳಿಯ ಬಿಸಿಲು ಮಾರ್ಚ್ ತಿಂಗಳಿನಲ್ಲಿಯೇ ತೀವ್ರವಾಗಿರುವುದರಿಂದ ಬೆಳಗಿನ ಜಾವದಲ್ಲಿ ಹೊರಡುವುದು ಉತ್ತಮ.

ಕುಮಟಾದಿಂದ ಸುಮಾರು 11 ಕಿ.ಮೀ. ದೂರದ ಮಿರ್ಜಾನ್ ಕೋಟೆಯನ್ನು ಮೊದಲು ನೋಡತಕ್ಕದ್ದು. ಈ ದಾರಿಯು ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದು, ಲಾರಿ ಹಾಗೂ ಬಸ್ಸುಗಳ ಸಂಚಾರ ಹೆಚ್ಚುವ ಮುನ್ನವೇ ಇದನ್ನು ಕ್ರಮಿಸಬೇಕು. ಕೆಂಪು ಜಂಬಿಟ್ಟಿಗೆಯ ಈ ಕೋಟೆಯು 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಅಧೀನದಲ್ಲಿತ್ತು. ಘಟ್ಟದ ಕಾಳುಮೆಣಸು ಇಲ್ಲಿಯ ಬಂದರಿನಿಂದ ಹಡಗೇರುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಗೋಡೆಗಳನ್ನು ಹತ್ತುವುದು, ಅವುಗಳ ಮೇಲೆ ಹೆಸರು ಕೆತ್ತುವುದು ಕೂಡದು.

ಮುಂದೆ ಹಿರೇಗುತ್ತಿ ಮಾರ್ಗವಾಗಿ ಸಾಗಿ, ಮಾದನಗೇರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ತಲುಪಬಹುದು. ಪ್ರವಾಸದ ತಿರುಳು ಇಲ್ಲಿದೆ. ಭರತದ ವೇಳೆಯಲ್ಲಿ ಒಳಬಿಟ್ಟ ಉಪ್ಪುನೀರನ್ನು ಒಂದರಿಂದ ಇನ್ನೊಂದು ಕಟ್ಟೆಗೆ ಹರಿಸಿ ಬಿಸಿಲಿಗೆ ಗಟ್ಟಿಗೊಳಿಸುತ್ತಾರೆ. ಕೊನೆಯ ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಒಂದು ಅಕಾಲಿಕ ಮಳೆ ಬಿದ್ದರೂ ಪಾತಿಯ ಉಪ್ಪು ಕರಗಿ, ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ. ಆಗರದ ಬದುಗಳು ಮಣ್ಣಿನವಾಗಿದ್ದು, ಅವು ಕೆಲಸಗಾರರ ಓಡಾಟಕ್ಕೆ ಮೀಸಲು. ಆದ್ದರಿಂದ ಬದುಗಳ ಮೇಲೆ ಸೈಕಲ್ ಓಡಿಸದೆ ರಸ್ತೆಯಿಂದಲೇ ವೀಕ್ಷಿಸಬೇಕು.

ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕತ್ತರಿಸಿ ಹುಲ್ಲನ್ನು ನೀರಿನಲ್ಲಿಯೇ ಬಿಡುವುದರಿಂದ ಅದು ಮೀನು, ಸಿಗಡಿಗಳಿಗೆ ಆಸರೆಯಾಗುತ್ತದೆ. ಪ್ರವಾಸಿಗರು ಬರುವ ವೇಳೆಗೆ ಬೆಳೆಯಿರದೆ ಬರೀ ನೀರೇ ಕಾಣುವುದರಿಂದ, ಇದನ್ನು ಪಾಳು ನೆಲವೆಂದು ಭಾವಿಸಬಾರದು.

ತದಡಿಯಿಂದ ಅಘನಾಶಿನಿ ಗ್ರಾಮಕ್ಕೆ ದೋಣಿಯಲ್ಲಿ ನದಿಯನ್ನು ದಾಟಿ ಕುಮಟಾಕ್ಕೆ ಮರಳಬಹುದು. ಸೈಕಲ್ಲನ್ನು ಒಯ್ಯುವ ಬಗ್ಗೆ ಹಾಗೂ ಕೊನೆಯ ದೋಣಿಯ ವೇಳೆಯ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ದೋಣಿ ತಪ್ಪಿದಲ್ಲಿ ಸಂಜೆಗತ್ತಲಲ್ಲಿ ಹೆದ್ದಾರಿಯಲ್ಲಿಯೇ ಹಿಂದಿರುಗಬೇಕಾಗುವುದು.