ಭಾರಿ ಸರಕು ವಾಹನ ಚಾಲನಾ ಅನುಜ್ಞಾಪತ್ರ: ಗ್ರಾಮೀಣ ಯುವಜನರ ಸಿದ್ಧತೆ ಹಾಗೂ ಗ್ರಾಮ ಪಂಚಾಯತಿಯ ಪಾತ್ರ

ಗ್ರಾಮದಲ್ಲಿ ಬೆಳೆದ ಕಬ್ಬು, ಮೆಕ್ಕೆಜೋಳ, ಭತ್ತ ಹೊರಗೆ ಹೋಗುವುದೂ, ಗೊಬ್ಬರ, ಸಿಮೆಂಟು, ಕಬ್ಬಿಣ ಒಳಗೆ ಬರುವುದೂ ಬಹುಮಟ್ಟಿಗೆ ಲಾರಿಗಳ ಮೂಲಕವೇ. ಹೆಚ್ಚಿನ ವಿದ್ಯಾಭ್ಯಾಸವಿಲ್ಲದ ಯುವಜನರಿಗೂ ಲಾರಿ ಚಾಲನೆಯು ಸ್ಥಿರವಾದ ಜೀವನೋಪಾಯವಾಗಬಲ್ಲದು. ಆದರೆ ಕ್ಲೀನರ್ ಆಗಿ ಸೇರಿ, ಚಾಲಕರ ಪಕ್ಕದಲ್ಲಿ ಕುಳಿತು ಕೆಲಸ ಕಲಿತ ಮಾತ್ರಕ್ಕೆ ಯಾರೂ ಕಾನೂನಿನ ದೃಷ್ಟಿಯಲ್ಲಿ ಚಾಲಕರಾಗುವುದಿಲ್ಲ. ಈ ಅನುಜ್ಞಾಪತ್ರವನ್ನು (ಲೈಸೆನ್ಸ್) ಎರಡು ಹಂತಗಳಲ್ಲಿ ಮಾತ್ರ ಪಡೆಯಲು ಸಾಧ್ಯ. ಮೊದಲ ಹಂತವನ್ನು ತಡಮಾಡಿದವರು ಎರಡನೆಯದಕ್ಕೂ ಅಷ್ಟೇ ಕಾಲ ಕಾಯಬೇಕಾಗುತ್ತದೆ. ಆದುದರಿಂದ ಈ ಕ್ರಮವನ್ನು ಸದಸ್ಯರು ತಿಳಿದು, ತಮ್ಮ ವಾರ್ಡಿನ ಯುವಜನರಿಗೆ ಸಕಾಲದಲ್ಲಿ ತಿಳಿಸುವುದು ಅಗತ್ಯ.

ವಾಹನದ ವರ್ಗಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಹೊರೆಯೂ ಸೇರಿದಂತೆ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವು ಲಘು ವಾಹನ. 12,000 ಕಿಲೋಗ್ರಾಂ ಮೀರಿದ್ದು ಭಾರಿ ಸರಕು ವಾಹನ. ಇವೆರಡರ ನಡುವಿನದು ಮಧ್ಯಮ ಸರಕು ವಾಹನ. ಲಘು ವಾಹನದ ಅನುಜ್ಞಾಪತ್ರವುಳ್ಳವರು 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ನಮೂದಿಲ್ಲದೆಯೇ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಈ ಸೌಲಭ್ಯವು ಮಧ್ಯಮ ಹಾಗೂ ಭಾರಿ ವಾಹನಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗೆ ಆಯಾ ವರ್ಗದ ಅನುಜ್ಞಾಪತ್ರವೇ ಬೇಕು.

ಅರ್ಹತೆ ಮತ್ತು ಕ್ರಮ

ಮೊದಲ ಹಂತ ಲಘು ಮೋಟಾರು ವಾಹನದ ಅನುಜ್ಞಾಪತ್ರ. ಇದಕ್ಕೆ 18 ವರ್ಷ ತುಂಬಿರಬೇಕು. ಕಲಿಕಾ ಅನುಜ್ಞಾಪತ್ರವು 6 ತಿಂಗಳು ಊರ್ಜಿತದಲ್ಲಿರುತ್ತದೆ. ಅದನ್ನು ಪಡೆದು 30 ದಿನಗಳು ಕಳೆದ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.

ಎರಡನೆಯ ಹಂತ ಭಾರಿ ವಾಹನದ ಕಲಿಕಾ ಅನುಜ್ಞಾಪತ್ರ. ಅಭ್ಯರ್ಥಿಯು ಲಘು ವಾಹನದ ಅನುಜ್ಞಾಪತ್ರವನ್ನು ಕನಿಷ್ಠ 1 ವರ್ಷ ಹೊಂದಿರಬೇಕು ಮತ್ತು 20 ವರ್ಷ ತುಂಬಿರಬೇಕು. ನಿಗದಿತ ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ಕಡ್ಡಾಯ. 25 ಮೀಟರ್ ದೂರದಿಂದ ವಾಹನದ ಸಂಖ್ಯಾಫಲಕವನ್ನು ಓದಬಲ್ಲರೇ, ಕೆಂಪು ಹಸಿರು ಬಣ್ಣಗಳನ್ನು ಗುರುತಿಸಬಲ್ಲರೇ, ಇರುಳುಗುರುಡು ಇದೆಯೇ ಎಂಬುದನ್ನು ವೈದ್ಯರು ಇದರಲ್ಲಿ ದೃಢೀಕರಿಸುತ್ತಾರೆ. ತರಬೇತಿಗೆ ಹಣ ಕಟ್ಟುವ ಮೊದಲೇ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ಮಾನ್ಯತೆ ಪಡೆದ ಚಾಲನಾ ಶಾಲೆಯ ತರಬೇತಿ ಪ್ರಮಾಣಪತ್ರವಾದ ನಮೂನೆ 5 ಸಹ ಬೇಕು. ಸಾರಿಗೆ ವಾಹನದ ತರಬೇತಿಯಲ್ಲಿ ವಾಸ್ತವ ಚಾಲನೆ 15 ಗಂಟೆಗಳಿಗಿಂತ ಕಡಿಮೆಯಿರಬಾರದು. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಮಧ್ಯಮ ಮತ್ತು ಭಾರಿ ವಾಹನಗಳ ತರಬೇತಿಯು 6 ವಾರಗಳಲ್ಲಿ 38 ಗಂಟೆಗಳಷ್ಟಿರುತ್ತದೆ. ತರಬೇತಿಯನ್ನೇ ನೀಡದೆ ಹಣ ಪಡೆದು ಪ್ರಮಾಣಪತ್ರ ಕೊಡಿಸುವ ಮಧ್ಯವರ್ತಿಗಳಿಂದ ಯುವಜನರು ದೂರವಿರಬೇಕು. ಹೊರೆ ಹೊತ್ತ ಲಾರಿಯನ್ನು ಘಟ್ಟದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಸುವುದು, ತಿರುವಿನಲ್ಲಿ ಹಿಂಚಕ್ರಗಳು ಒಳಕ್ಕೆ ಸರಿಯುವುದನ್ನು ಅಂದಾಜಿಸುವುದು ಅಭ್ಯಾಸದಿಂದಲ್ಲದೆ ಬಾರದು.

ಹಿಂದೆ ಸಾರಿಗೆ ವಾಹನ ಚಾಲನೆಗೆ 8ನೇ ತರಗತಿ ಉತ್ತೀರ್ಣರಾಗಿರಬೇಕೆಂಬ ನಿಯಮವಿತ್ತು. 2019ರಲ್ಲಿ ಅದನ್ನು ಕೈಬಿಡಲಾಗಿದೆ. ಆ ಕಾರಣಕ್ಕೆ ಆಸೆ ಬಿಟ್ಟವರು ಈಗ ಅರ್ಜಿ ಸಲ್ಲಿಸಬಹುದು. ಆದರೆ ಪೆಟ್ರೋಲ್, ಅಡುಗೆ ಅನಿಲ ಮುಂತಾದ ಅಪಾಯಕಾರಿ ಸರಕು ಸಾಗಿಸುವವರಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದುಬರಹ ಹಾಗೂ ಪ್ರತ್ಯೇಕ ತರಬೇತಿಯ ಪ್ರಮಾಣಪತ್ರ ಅವಶ್ಯ.

ಅಪ್ರಾಪ್ತರು ವಾಹನ ಚಲಾಯಿಸಿದಲ್ಲಿ

ಸುಗ್ಗಿಯ ಕಾಲದಲ್ಲಿ 15–16 ವರ್ಷದ ಬಾಲಕರ ಕೈಗೆ ಟ್ರ್ಯಾಕ್ಟರ್ ಕೊಟ್ಟು ರಸ್ತೆಗೆ ಕಳುಹಿಸುವ ರೂಢಿ ಹಲವು ಗ್ರಾಮಗಳಲ್ಲಿದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಅಪರಾಧ ಎಸಗಿದಲ್ಲಿ ಪೋಷಕರಿಗೆ ಅಥವಾ ವಾಹನ ಮಾಲೀಕರಿಗೆ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿಯೂ 12 ತಿಂಗಳ ಕಾಲ ರದ್ದಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಆ ಬಾಲಕನದು: 25 ವರ್ಷ ತುಂಬುವವರೆಗೆ ಅವನಿಗೆ ಯಾವ ಅನುಜ್ಞಾಪತ್ರವೂ ದೊರೆಯದು. ಅದರ ಮೇಲೆ ಲಘು ವಾಹನದ 1 ವರ್ಷ ಸೇರಿದರೆ, 20ಕ್ಕೆ ಲಾರಿ ಚಾಲಕನಾಗಬಹುದಾಗಿದ್ದವನು 26 ದಾಟುವವರೆಗೆ ಕಾಯಬೇಕು.

ಅವಧಿ ಮತ್ತು ನವೀಕರಣ

ಸಾರಿಗೆ ವಾಹನದ ಅನುಜ್ಞಾಪತ್ರದ ಅವಧಿ 5 ವರ್ಷ. ಅಪಾಯಕಾರಿ ಸರಕಿನದು 3 ವರ್ಷ. ಅವಧಿ ಮುಗಿದ ನಂತರವೂ 30 ದಿನ ಊರ್ಜಿತವೆಂಬ ಹಿಂದಿನ ರಿಯಾಯಿತಿ ಈಗಿಲ್ಲ. ಅವಧಿ ಮುಗಿಯುವ 1 ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಮುಗಿದು 1 ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕು. ಊರ್ಜಿತ ಅನುಜ್ಞಾಪತ್ರವಿಲ್ಲದ ಚಾಲಕನಿಂದ ಅಪಘಾತವಾದಲ್ಲಿ, ಸಂತ್ರಸ್ತರಿಗೆ ನೀಡಿದ ಪರಿಹಾರವನ್ನು ವಿಮಾ ಸಂಸ್ಥೆಯು ವಾಹನ ಮಾಲೀಕರಿಂದ ವಸೂಲು ಮಾಡುವ ಸಂದರ್ಭ ಒದಗಬಹುದು. ಸಾಲ ಮಾಡಿ ಒಂದೇ ಲಾರಿ ಕೊಂಡ ಕುಟುಂಬಕ್ಕೆ ಇದು ಮನೆ, ಜಮೀನು ಕಳೆದುಕೊಳ್ಳುವ ಮಾತು. ಪಂಚಾಯತಿಯೇ ಮಾಲೀಕನಾಗಿರುವ ವಾಹನಕ್ಕೂ ಈ ಹೊಣೆ ತಪ್ಪಿದ್ದಲ್ಲ.

ಗ್ರಾಮ ಪಂಚಾಯತಿಯು ಮಾಡಬಹುದಾದ ಕಾರ್ಯ

1. 18 ವರ್ಷ ತುಂಬುವ ಹಾಗೂ ಚಾಲನೆಯಲ್ಲಿ ಆಸಕ್ತಿಯಿರುವ ಯುವಕ, ಯುವತಿಯರ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ತಯಾರಿಸಿ, ಮೊದಲ ಹಂತದ ಅರ್ಜಿಯನ್ನು ಆಗಲೇ ಸಲ್ಲಿಸುವಂತೆ ತಿಳಿಸುವುದು.

2. ಲಘು ವಾಹನ ಚಾಲನೆಯ ಉಚಿತ ತರಬೇತಿಗಾಗಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ವಿಚಾರಿಸಿ, ತಂಡಗಳ ದಿನಾಂಕವನ್ನು ಅರಿವು ಕೇಂದ್ರದ ಫಲಕದಲ್ಲಿ ಪ್ರಕಟಿಸುವುದು.

3. ಸ್ವಚ್ಛ ವಾಹಿನಿ ಚಲಾಯಿಸುತ್ತಿರುವ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಮುಂದಿನ ಅವಕಾಶವನ್ನು ತಿಳಿಸುವುದು. ಲಘು ವಾಹನದ ಅನುಜ್ಞಾಪತ್ರ ಪಡೆದು 1 ವರ್ಷ ಪೂರೈಸಿದವರು ಮೊದಲ ಹಂತವನ್ನು ಈಗಾಗಲೇ ದಾಟಿದ್ದಾರೆ. ಅವರಲ್ಲಿ ಇಚ್ಛೆಯುಳ್ಳವರು ಭಾರಿ ವಾಹನದ ತರಬೇತಿಗೆ ಸೇರಬಹುದು.

4. ಪಂಚಾಯತಿಯ ವಾಹನ ಚಾಲಕರ ಹಾಗೂ ಗುತ್ತಿಗೆದಾರರು ಕಾಮಗಾರಿಗೆ ಕರೆತರುವ ಟಿಪ್ಪರ್, ಲಾರಿ ಚಾಲಕರ ಅನುಜ್ಞಾಪತ್ರದ ವರ್ಗ ಮತ್ತು ಅಂತಿಮ ದಿನಾಂಕವನ್ನು ಪರಿಶೀಲಿಸಿ ವಹಿಯಲ್ಲಿ ದಾಖಲಿಸುವುದು.

5. ಅಪ್ರಾಪ್ತರಿಗೆ ವಾಹನ ಕೊಡಬಾರದೆಂಬುದನ್ನು ಗ್ರಾಮ ಸಭೆಯಲ್ಲಿ, ವಿಶೇಷವಾಗಿ ಸುಗ್ಗಿಗೆ ಮುನ್ನ, ಪೋಷಕರಿಗೆ ಮನದಟ್ಟು ಮಾಡಿಸುವುದು.

ಅರ್ಜಿಗಳನ್ನು ಸಾರಥಿ ಜಾಲತಾಣದ ಮೂಲಕ ಸಲ್ಲಿಸಬಹುದು. ಶುಲ್ಕ ಮತ್ತು ಪರೀಕ್ಷಾ ದಿನಾಂಕದ ವಿವರಗಳಿಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ನೇರವಾಗಿ ಸಂಪರ್ಕಿಸತಕ್ಕದ್ದು.