ಬೋರ್ಡು ಸತ್ತಿಲ್ಲ: ಹಳೆಯ ವಿಡಿಯೋ ಗೇಮ್ ಬೋರ್ಡುಗಳ ಬಗ್ಗೆ ಆರು ತಪ್ಪು ಕಲ್ಪನೆಗಳು

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ಕಾಸು ಹಾಕಿ ಆಡಿದವರಿಗೆ ‘ಮುಸ್ತಫಾ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅದರೊಳಗಿನ ಒಂದು ಪಾತ್ರದ ಹೆಸರೇ ನಮ್ಮಲ್ಲಿ ಆಟದ ಹೆಸರಾಗಿ ನಿಂತಿತು. ಆ ಬಣ್ಣ, ಸದ್ದು, ಹೊಡೆದಾಟವೆಲ್ಲ ಅಡಗಿದ್ದದ್ದು ಪೆಟ್ಟಿಗೆಯೊಳಗಿನ ಬೋರ್ಡಿನಲ್ಲಿ. ಟೋಕಿಯೊದ ಅಕಿಹಬಾರದಲ್ಲಿ ಇಂಥ ಬೋರ್ಡುಗಳನ್ನೇ ಮಾರುವ ಅಂಗಡಿಗಳಿವೆ. ಜಪಾನೀಯರು ಬೋರ್ಡಿಗೆ ‘ಕಿಬಾನ್’ ಎನ್ನುತ್ತಾರೆ. ಒಳ್ಳೆಯ ಬೋರ್ಡುಗಳು ಗುಜರಿ ಸೇರುವುದಕ್ಕೂ ಹೊಸ ಸಂಗ್ರಾಹಕರು ದುಡ್ಡು ಕಳೆದುಕೊಳ್ಳುವುದಕ್ಕೂ ಕಾರಣ ಕೆಲವು ತಪ್ಪು ನಂಬಿಕೆಗಳು.

ತಪ್ಪು ಕಲ್ಪನೆ 1: ಹಳೆಯದಾದಷ್ಟೂ ಬೆಲೆ ಹೆಚ್ಚು.

ವಾಸ್ತವ: ಬೆಲೆ ಕಟ್ಟುವುದು ವಯಸ್ಸಲ್ಲ, ಎಷ್ಟು ಬೋರ್ಡು ಉಳಿದಿವೆ ಮತ್ತು ಎಷ್ಟು ಜನ ಹುಡುಕುತ್ತಿದ್ದಾರೆ ಎಂಬ ಲೆಕ್ಕ. 1980ರ ಪ್ಯಾಕ್-ಮ್ಯಾನ್ ಅಪಾರ ಸಂಖ್ಯೆಯಲ್ಲಿ ತಯಾರಾಯಿತು, ಹಾಗಾಗಿ ಇಂದಿಗೂ ಹುಡುಕಿದರೆ ಸಿಗುತ್ತದೆ. ಕೇವ್ ಕಂಪನಿಯ ಕೆಟ್ಸುಯಿ ಬಂದದ್ದು 2003ರಲ್ಲಿ. ಕಡಿಮೆ ಸಂಖ್ಯೆಯಲ್ಲಿ ತಯಾರಾದ, ಗುಂಡಿನ ಮಳೆಯ ನಡುವೆ ನುಸುಳುವ ಆ ಆಟದ ಬೋರ್ಡಿಗೆ ಎಂಬತ್ತರ ದಶಕದ ಅನೇಕ ಬೋರ್ಡುಗಳಿಗಿಂತ ಹೆಚ್ಚು ಕೊಡಬೇಕು. ಇನ್ನು ಅಪರೂಪದ ಆಟವಾದರೂ ಯಾರಿಗೂ ಆಡುವ ಆಸೆ ಇಲ್ಲದಿದ್ದರೆ ಅದು ಅಗ್ಗವಾಗಿಯೇ ಉಳಿಯುತ್ತದೆ.

ತಪ್ಪು ಕಲ್ಪನೆ 2: ಚಾಲೂ ಆಗದ ಬೋರ್ಡು ಗುಜರಿಗೇ ಸೈ.

ವಾಸ್ತವ: ಈ ನಂಬಿಕೆಯಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಕ್ಯಾಪ್‌ಕಾಮ್ 1993ರಲ್ಲಿ ಸಿಪಿಎಸ್-2 ಎಂಬ ವ್ಯವಸ್ಥೆ ತಂದಾಗ, ನಕಲು ತಡೆಯಲು ಆಟದ ಪ್ರೋಗ್ರಾಮನ್ನು ಗೂಢಲಿಪಿಯಲ್ಲಿಟ್ಟಿತು. ಅದನ್ನು ಬಿಡಿಸುವ ಕೀಲಿ ಇದ್ದದ್ದು ಒಂದು ಸಣ್ಣ ಬ್ಯಾಟರಿಯ ಬಲದಲ್ಲಿ ನಿಂತ ಮೆಮೊರಿಯಲ್ಲಿ. ಬ್ಯಾಟರಿ ಇಳಿದರೆ ಕೀಲಿ ಅಳಿಯುತ್ತದೆ. ಉಳಿದ ಪ್ರತಿಯೊಂದು ಚಿಪ್ ಗಟ್ಟಿಯಾಗಿದ್ದರೂ ಆಟ ಬರುವುದಿಲ್ಲ. ಸಂಗ್ರಾಹಕರು ಇದನ್ನು ಬೋರ್ಡಿನ ‘ಆತ್ಮಹತ್ಯೆ’ ಎಂದೇ ಕರೆದರು. 2007ರಲ್ಲಿ ಆ ಗೂಢಲಿಪಿಯ ಗುಟ್ಟು ಬಯಲಾಯಿತು. 2016ರಲ್ಲಿ ಎಡ್ವಾರ್ಡೊ ಕ್ರೂಜ್ ಮತ್ತು ಸಂಗಡಿಗರು ಅಳಿದ ಕೀಲಿಯನ್ನು ಅದೇ ಬೋರ್ಡಿಗೆ ಮರಳಿ ತುಂಬುವ ದಾರಿ ತೋರಿಸಿದರು. ಸತ್ತವೆಂದು ಮೂಲೆ ಸೇರಿದ್ದ ಬೋರ್ಡುಗಳು ಮತ್ತೆ ಎದ್ದವು.

ಬೇರೆ ಬೋರ್ಡುಗಳಲ್ಲೂ ಎಷ್ಟೋ ಬಾರಿ ಕೆಟ್ಟಿರುವುದು ಕೆಲವೇ ರೂಪಾಯಿಯ ಸಾಮಾನ್ಯ ಚಿಪ್. ಕಷ್ಟವಿರುವುದು ಕಂಪನಿಯೇ ತನಗಾಗಿ ಮಾಡಿಸಿಕೊಂಡ ವಿಶೇಷ ಚಿಪ್ ಕೆಟ್ಟಾಗ. ಅದು ಸಾಮಾನ್ಯವಾಗಿ ಬಿಡಿಯಾಗಿ ಸಿಗದು, ಅಂಥದೇ ಇನ್ನೊಂದು ಬೋರ್ಡಿನಿಂದ ಕಿತ್ತು ತರಬೇಕು. ಹಾಗಾಗಿ ರಿಪೇರಿಯಾಗದ ಬೋರ್ಡಿಗೂ ಬೆಲೆ ಇದೆ, ಅದು ಇನ್ನೊಂದಕ್ಕೆ ಜೀವ ಕೊಡಬಲ್ಲದು.

ತಪ್ಪು ಕಲ್ಪನೆ 3: ಪರದೆಯ ಮೇಲೆ ಕಂಪನಿಯ ಹೆಸರು ಬಂದರೆ ಬೋರ್ಡು ಅಸಲಿ.

ವಾಸ್ತವ: ನಕಲು ಮಾಡಿದವರು ಹೆಸರನ್ನೂ ನಕಲು ಮಾಡಿರುತ್ತಾರೆ. ನೋಡಬೇಕಾದ್ದು ಬೋರ್ಡನ್ನು. ತಯಾರಕರ ಹೆಸರು ಅಚ್ಚಾಗಿದೆಯೇ? ವಿಶೇಷ ಚಿಪ್ ಇರಬೇಕಾದ ಕಡೆ ಸಾಮಾನ್ಯ ಚಿಪ್‌ಗಳ ಸಾಲು ಕೂತಿದೆಯೇ? ಚಿಪ್‌ಗಳ ಮೇಲಿನ ನಂಬರು ಉಜ್ಜಿ ಅಳಿಸಿದ್ದಾರೆಯೇ? ಸಿಪಿಎಸ್-2 ಬೋರ್ಡು ಕೂತಿರುವ ಡಬ್ಬಿಯ ಬಣ್ಣ ಅದು ಯಾವ ಪ್ರದೇಶಕ್ಕೆಂದು ಹೇಳುತ್ತದೆ: ಹಸಿರು ಜಪಾನಿನದು, ನೀಲಿ ಅಮೆರಿಕ ಮತ್ತು ಯುರೋಪಿನದು, ಬೂದು ಏಷ್ಯಾದ್ದು. ಆದರೆ ಡಬ್ಬಿ ಬದಲಿಸುವುದು ಸ್ಕ್ರೂ ಬಿಚ್ಚಿದಷ್ಟು ಸುಲಭ. ಒಳಗೆ ನೋಡದೆ ಅಸಲಿ ಬೆಲೆ ಕೊಡಬೇಡಿ.

ಹಾಗೆಂದು ನಕಲಿಯೆಲ್ಲ ಕಸವೂ ಅಲ್ಲ. 1992ರ ಸುಮಾರಿಗೆ ಸ್ಟ್ರೀಟ್ ಫೈಟರ್ 2ರ ‘ರೇನ್‌ಬೋ’ ಎಂಬ ಕಳ್ಳ ಆವೃತ್ತಿ ಅಂಗಡಿಗಳಲ್ಲಿ ಹುಚ್ಚೆಬ್ಬಿಸಿತು. ಅದರ ವೇಗಕ್ಕೆ ಉತ್ತರವಾಗಿ ಕ್ಯಾಪ್‌ಕಾಮ್ ತಾನೇ ‘ಹೈಪರ್ ಫೈಟಿಂಗ್’ ತಂದಿತು. ಅಸಲಿಯ ದಿಕ್ಕನ್ನೇ ಬದಲಿಸಿದ ನಕಲಿಗೆ ಚರಿತ್ರೆಯಲ್ಲಿ ಜಾಗವಿದೆ. ಅದನ್ನು ನಕಲಿ ಎಂದೇ ಹೇಳಿ ಮಾರಬೇಕು, ಅಷ್ಟೇ.

ತಪ್ಪು ಕಲ್ಪನೆ 4: ಯಾವ ಬೋರ್ಡನ್ನಾದರೂ ಯಾವ ಪೆಟ್ಟಿಗೆಗಾದರೂ ಸಿಕ್ಕಿಸಬಹುದು.

ವಾಸ್ತವ: 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಮ್ಮಾ’ ಎಂಬ 56 ಸಂಪರ್ಕಗಳ ಏಕರೂಪದ ಜೋಡಣೆ ತಂದಿತು. ಅದಕ್ಕೆ ಮುಂಚಿನ ಬೋರ್ಡುಗಳಿಗೆ ಕಂಪನಿಗೊಂದು, ಆಟಕ್ಕೊಂದು ವೈರಿಂಗ್. ಜಮ್ಮಾದಲ್ಲೂ ಒಬ್ಬ ಆಟಗಾರನಿಗೆ ಮೂರೇ ಬಟನ್. ಸ್ಟ್ರೀಟ್ ಫೈಟರ್ 2ರ ಒದೆತದ ಬಟನ್‌ಗಳಿಗೆ ಬೇರೆಯೇ ಕನೆಕ್ಟರ್ ಬೇಕು. ಕನೆಕ್ಟರನ್ನು ತಿರುಗುಮುರುಗಾಗಿ ಹಾಕಿದರೆ ಬೋರ್ಡು ಸುಟ್ಟೇ ಹೋಗಬಹುದು. ಬೋರ್ಡಿಗೆ ಬೇಕಾದ 5 ವೋಲ್ಟನ್ನು ಪವರ್ ಸಪ್ಲೈನಲ್ಲಿ ಅಳೆದರೆ ಸಾಲದು, ಬೋರ್ಡಿನ ಮೇಲೆಯೇ ಮಲ್ಟಿಮೀಟರ್ ಇಟ್ಟು ನೋಡಬೇಕು.

ತಪ್ಪು ಕಲ್ಪನೆ 5: ಹಳೆಯ ಸ್ಟಿಕ್ಕರ್ ಕಿತ್ತು, ತೊಳೆದು ಹೊಳಪು ಬರಿಸಿದರೆ ಹೆಚ್ಚು ಬೆಲೆ.

ವಾಸ್ತವ: ಅನೇಕ ಬೋರ್ಡುಗಳಲ್ಲಿ ಪ್ರೋಗ್ರಾಮ್ ಇರುವುದು ಇಪ್ರಾಮ್ ಎಂಬ ಚಿಪ್‌ನಲ್ಲಿ. ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಆ ಕಿಟಕಿಯಿಂದ ನೇರಳಾತೀತ ಬೆಳಕು ಬಿದ್ದರೆ ಒಳಗಿನದು ಅಳಿಯುತ್ತದೆ. ನೇರ ಬಿಸಿಲಿಗೆ ಸುಮಾರು ಒಂದು ವಾರ ಸಾಕು, ಕೋಣೆಯ ಟ್ಯೂಬ್‌ಲೈಟ್ ಬೆಳಕಿಗೆ ಸುಮಾರು ಮೂರು ವರ್ಷ. ಕಿಟಕಿ ಮುಚ್ಚಿರುವ ಸ್ಟಿಕ್ಕರ್ ಆಟವನ್ನು ಕಾಯುವ ರೆಪ್ಪೆ. ಆಟದ ಯಾವ ಆವೃತ್ತಿ, ಯಾವ ದೇಶದ್ದು ಎಂಬ ಗುರುತೂ ಅದರ ಮೇಲೆಯೇ ಇರುತ್ತದೆ. ಧೂಳನ್ನು ಮೆತ್ತನೆ ಬ್ರಷ್‌ನಿಂದ, ಅಂಚಿನ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಲೇಬಲ್ ಮುಟ್ಟಬೇಡಿ.

ತಪ್ಪು ಕಲ್ಪನೆ 6: ಎಲ್ಲ ಆಟವೂ ಕಂಪ್ಯೂಟರಿನಲ್ಲಿ ಸಿಗುವಾಗ ಬೋರ್ಡು ಯಾಕೆ?

ವಾಸ್ತವ: ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ‘ಮೇಮ್’ ಎಂಬ ತಂತ್ರಾಂಶ ಸಾವಿರಾರು ಆಟಗಳನ್ನು ಉಳಿಸಿದೆ. ಆದರೆ ಅದರೊಳಗಿನ ಒಂದೊಂದು ಆಟವೂ ಬಂದದ್ದು ಯಾರೋ ಜೋಪಾನ ಮಾಡಿದ ಬೋರ್ಡಿನಿಂದ. ಅನುಕರಣೆ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲೂ ಬೋರ್ಡೇ ಬೇಕು. ಬೋರ್ಡು ಮೂಲಪ್ರತಿ, ತಂತ್ರಾಂಶ ಅದರಿಂದ ಮಾಡಿಕೊಂಡ ಪ್ರತಿ. ತಾಳೆಗರಿಯ ಪಾಠ ಅಚ್ಚಾಯಿತೆಂದು ಗರಿಯನ್ನು ಒಲೆಗೆ ಹಾಕುವವರುಂಟೇ?

ಕೊನೆಗೆ ಮತ್ತೆ ಮುಸ್ತಫಾನ ಮಾತು. ಆ ಆಟದ ಅಸಲಿ ಬೋರ್ಡಿನಲ್ಲೂ ಬ್ಯಾಟರಿಗಳಿವೆ. ಅವು ಇಳಿದರೆ ಅದೂ ಮೌನವಾಗುತ್ತದೆ. ಮುಚ್ಚಿದ ವಿಡಿಯೋ ಗೇಮ್ ಅಂಗಡಿಯ ಅಟ್ಟದಲ್ಲಿ ಅಂಥದ್ದೊಂದು ನಿಮಗೆ ಸಿಕ್ಕರೆ ಕೂಡಲೇ ಕರೆಂಟ್ ಕೊಡಬೇಡಿ, ಬ್ಯಾಟರಿ ಕೀಳಬೇಡಿ, ಸ್ಟಿಕ್ಕರ್ ತೆಗೆಯಬೇಡಿ. ಎರಡೂ ಬದಿಯ ಫೋಟೊ ತೆಗೆದು, ಬಲ್ಲವರಿಗೆ ತೋರಿಸಿ. ಬೆಲೆಯ ಮಾತು ಆಮೇಲೆ.